ಎಡೆದೊರೆಯ ನಡುಗಡ್ಡೆಗಳು

ದ್ವೀಪಯಾತ್ರೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಗೃಹಸ್ಥರ ಮನಸ್ಸು ಕಡಲಿನ ಕಡೆಗೆ ಹರಿಯುವುದು ಸಹಜವಾಗಿದೆ. ಗಾಳಿ ತುಂಬಿದ ಹಾಯಿ, ತೆಂಗಿನ ತೋಪು, ಬಿಳಿಯ ಮಳಲು, ಲಕ್ಷದ್ವೀಪ, ಅಂದಮಾನ ಇವೆಲ್ಲ ಕಣ್ಣಮುಂದೆ ಸುಳಿಯುತ್ತವೆ. ಅಷ್ಟು ದೂರ ಹೋಗಲು ಅನುಕೂಲವಿಲ್ಲದವರಿಗೆ ನಮ್ಮ ಕರಾವಳಿಯಲ್ಲಿಯೇ ಮಲ್ಪೆಯ ಎದುರಿಗೆ ಕಂಬಗಲ್ಲುಗಳ ಸೇಂಟ್ ಮೇರಿ ದ್ವೀಪಗಳೂ, ಮುರುಡೇಶ್ವರದ ಎದುರಿಗೆ ಹವಳಗಳ ಮತ್ತು ಕಡಲಹದ್ದುಗಳ ನೇತ್ರಾಣಿಯೂ ಇವೆ. ಅವು ನೋಡತಕ್ಕವೇ ಸರಿ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮನೆಗಳಲ್ಲಿ ಕುಳಿತು ಘಟ್ಟದಾಚೆಯ ಸಮುದ್ರವನ್ನು ಕನಸು ಕಾಣುವ ನಮ್ಮವರಿಗೆ, ತಮ್ಮ ಸೀಮೆಯ ಅಂಚಿನಲ್ಲಿಯೇ ಜನವಸತಿಯುಳ್ಳ ದ್ವೀಪಗಳಿವೆಯೆಂಬುದು ನೆನಪಿಗೆ ಬರುವುದು ಅಪರೂಪ. ಆ ದ್ವೀಪಗಳ ವಿಷಯವಾಗಿ ನಾವು ಕಂಡು ಕೇಳಿ ತಿಳಿದಷ್ಟನ್ನು ಇಲ್ಲಿ ಓದುಗರ ಮುಂದಿಡುವೆವು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ನೆಲಕ್ಕೆ ನಮ್ಮ ಹಿಂದಿನವರು ಎಡೆದೊರೆನಾಡು ಎಂದು ಹೆಸರಿಟ್ಟಿದ್ದರು. ತೊರೆ ಎಂದರೆ ಹೊಳೆ. ಹೊಳೆಗಳ ಎಡೆಯಲ್ಲಿರುವುದು ಎಡೆದೊರೆ. ಮಳೆ ಕಡಿಮೆಯಾದ ಈ ಒಣಸೀಮೆಗೆ ಇಷ್ಟು ನೀರುನೀರಾದ ಹೆಸರು ಬಂದುದು ಸೋಜಿಗವೆನಿಸಿದರೂ, ಹೊಳೆಯ ದಂಡೆಗೆ ಹೋಗಿ ನಿಂತಾಗ ಅದರ ಅರ್ಥವು ತಾನಾಗಿಯೇ ತಿಳಿಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆಯು ಬಂಡೆಗಳ ನಡುವೆ ಕವಲೊಡೆದು, ಕೂಡಿ, ಮತ್ತೆ ಕವಲೊಡೆದು ಹರಿಯುವಲ್ಲಿ ಜಲದುರ್ಗ, ಕಡದರಗಡ್ಡಿ, ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿ ಮುಂತಾದ ಸ್ಥಳಗಳಿವೆ. ಗಡ್ಡಿ ಎಂದರೆ ನಡುಗಡ್ಡೆಯೇ. ಮ್ಯಾದರಗಡ್ಡಿಯೆಂದು ಕೇಳಿದಾಗ ಬಿದಿರು ಹೆಣೆಯುವ ಮೇದಾರರ ನೆನಪಾಗದೆ ಇರದು.

ಸಿಂಧನೂರಿನಿಂದ ಹೊರಟವರು ಮೊದಲು ಎಡದಂಡೆ ಕಾಲುವೆಯ ನೀರು ಕುಡಿದು ಹಸಿರಾದ ಬತ್ತದ ಬಯಲುಗಳನ್ನು ದಾಟಬೇಕು. ಈ ತಾಲ್ಲೂಕಿನ ಶಿಬಿರಗಳಲ್ಲಿ ನೆಲಸಿರುವ ಬಂಗಾಳಿ ಕುಟುಂಬಗಳ ಹಿರಿಯರು ಹೊಳೆಗಳ ನಾಡಾದ ಪೂರ್ವಬಂಗಾಳವನ್ನು ಬಿಟ್ಟು ಬಂದವರು. ಹೊಳೆಯ ನಡುವೆ ಎದ್ದ ನೆಲಕ್ಕೆ ಅವರ ಮಾತಿನಲ್ಲಿ ಚರ್ ಎಂಬ ಹೆಸರುಂಟು. ನಮಗೆ ಹೊಸತೆನಿಸುವ ನಡುಗಡ್ಡೆಯ ಬಾಳು ಅವರ ಮನೆಮಾತಿನೊಳಗೇ ಇದೆ.

ಮುಂದೆ ಮಸ್ಕಿ. ಇಲ್ಲಿಯ ಗುಡ್ಡದ ಬಂಡೆಯ ಮೇಲೆ ೧೯೧೫ರಲ್ಲಿ ದೊರೆತ ಶಾಸನದಿಂದಲೇ, ‘ದೇವಾನಾಂಪ್ರಿಯ’ನೆಂದು ಕರೆದುಕೊಂಡ ಅರಸನು ಅಶೋಕನೇ ಎಂಬುದು ವಿದ್ವಾಂಸರಿಗೆ ನಿಶ್ಚಯವಾಯಿತು. ಈ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಅರಸನು ಉತ್ತರ ಹಿಂದುಸ್ಥಾನದ ಕಂಬಗಳಲ್ಲಿ ಬರೆಯಿಸಿದ ಐದನೆಯ ಶಾಸನದಲ್ಲಿ, ಕೊಲ್ಲಬಾರದ ಜೀವಗಳ ಪಟ್ಟಿಯೊಂದಿದ್ದು, ಅದರಲ್ಲಿ ಹಂಸ, ಚಕ್ರವಾಕ, ಆಮೆಗಳು ಸೇರಿರುವುದೂ, ಕೆಲವು ದಿನಗಳಲ್ಲಿ ಮೀನನ್ನು ಹಿಡಿಯಕೂಡದೆಂಬ ಕಟ್ಟಳೆಯಿರುವುದೂ ಅಷ್ಟಾಗಿ ಪ್ರಸಿದ್ಧವಾಗಿಲ್ಲ. ಹೊಳೆಯ ಕಡೆಗೆ ಹೊರಟವರು ಮಸ್ಕಿಯಲ್ಲಿ ಅರ್ಧ ಗಂಟೆ ನಿಂತು ಇದನ್ನು ನೆನೆದರೆ ನಷ್ಟವೇನೂ ಇಲ್ಲ.

ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದು ಸಂಸ್ಥಾನದ ಜಿಲ್ಲೆಯ ಮುಖ್ಯ ಸ್ಥಳವಾಗಿತ್ತು. ದಂಡಿನ ಛಾವಣಿಯೂ ಇಲ್ಲಿತ್ತು. ಇಲ್ಲಿಂದ ಸುಮಾರು ೨೦ ಕಿಲೋಮೀಟರು ಹೋದರೆ ಜಲದುರ್ಗ. ಕೃಷ್ಣೆಯ ಎರಡು ಕವಲುಗಳ ನಡುವೆ ಎದ್ದ ಕಲ್ಲುಗುಡ್ಡ, ಅದರ ಮೇಲೆ ಹಳೆಯ ಕೋಟೆ, ಕೋಟೆಯ ಮಗ್ಗುಲಲ್ಲಿ ಊರು. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಇದು ಆಯಕಟ್ಟಿನ ಸ್ಥಳವಾಗಿತ್ತು. ಕಂದಕ ತೋಡುವ ಶ್ರಮವನ್ನು ಹೊಳೆಯೇ ಉಳಿಸಿಕೊಟ್ಟಿರುವಾಗ ಯಾವ ಅರಸನು ತಾನೆ ಇಂಥ ಜಾಗವನ್ನು ಬಿಟ್ಟಾನು! ಈ ಭಾಗದಲ್ಲಿ ಕೃಷ್ಣೆಯು ದಖ್ಖನದ ಎತ್ತರದ ನೆಲದಿಂದ ಮೂರು ಮೈಲಿಯೊಳಗೆ ನಾನೂರು ಅಡಿಗಳಷ್ಟು ಕೆಳಗಿಳಿಯುತ್ತದೆಂದು ಬ್ರಿಟಿಷರ ಕಾಲದ ಗ್ಯಾಸೆಟಿಯರಿನಲ್ಲಿ ಬರೆದಿದೆ. ಬೇಸಗೆಯಲ್ಲಿ ನೋಡಿದವರಿಗೆ ಇದು ಉತ್ಪ್ರೇಕ್ಷೆಯೆನಿಸೀತು. ಬೋಳುಬಂಡೆಗಳ ಸಂದುಗಳಲ್ಲಿ ನೀರು ಹಾವಿನಂತೆ ಸರಿದಾಡುತ್ತಿರುತ್ತದೆ, ಅಷ್ಟೇ. ಶ್ರಾವಣದಲ್ಲಿ ಅದೇ ಬಂಡೆಗಳು ಕಾಣಿಸುವುದಿಲ್ಲ.

ಜಲದುರ್ಗಕ್ಕೆ ಈಗ ಸೇತುವೆಯುಂಟು. ಸಣ್ಣ ಗಡ್ಡೆಗಳಿಗೆ ಹೋಗಬೇಕಾದರೆ ಹರಿಗೋಲೇ ಗತಿ. ಈ ಕಡೆಯ ಜನರು ಅದನ್ನು ತೆಪ್ಪವೆನ್ನುವರು. ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಮುಂದು ಹಿಂದು ಎಂಬ ಭೇದವೂ ಇಲ್ಲ. ದೊಡ್ಡ ಬಿದಿರಿನ ಪುಟ್ಟಿಯೇ ನೀರಿಗಿಳಿದಂತೆ ತೋರುತ್ತದೆ. ಮೊದಲು ಅದರ ಹೊರಮೈಗೆ ಎಮ್ಮೆಯ ತೊಗಲನ್ನು ಹೊಲಿಯುತ್ತಿದ್ದರು. ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುವರು. ಕೆಲವೆಡೆ ಫೈಬರಿನ ಹರಿಗೋಲುಗಳೂ ಬಂದಿವೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಕಡವಿನಲ್ಲಿ ಇಂಥ ಪುಟ್ಟಿಗಳನ್ನೇ ಕಂಡು, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂಡ್ರುವರೆಂದೂ, ಅವು ಸುತ್ತುತ್ತ ಸುತ್ತುತ್ತ ಮುಂದೆ ಹೋಗುವುವೆಂದೂ ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ ಬಂದುದನ್ನು ಬಿಟ್ಟರೆ ವಿಶೇಷ ವ್ಯತ್ಯಾಸವಾಗಿಲ್ಲ.

ಇದನ್ನು ನಡೆಯಿಸುವುದು ಹೊರಗಿನವರು ತಿಳಿದಷ್ಟು ಸುಲಭದ ಕೆಲಸವಲ್ಲ. ಅಂಬಿಗನು ತಾನು ಮುಟ್ಟಬೇಕಾದ ದಡದ ಎದುರಿನಿಂದ ಹೊರಡುವುದಿಲ್ಲ. ದಂಡೆಯ ಗುಂಟ ಬಹುದೂರ ಮೇಲಕ್ಕೆ ತೆಪ್ಪವನ್ನು ಎಳೆದೊಯ್ದು, ಅಲ್ಲಿಂದ ಸೆಳವಿಗೆ ಬಿಟ್ಟು, ಓರೆಯಾಗಿ ದಾಟುತ್ತಾನೆ. ಹುಟ್ಟನ್ನು ಮುಂದುಗಡೆಯ ನೀರಿಗೆ ಇಳಿಸಿ ತನ್ನ ಕಡೆಗೆ ಜಗ್ಗುತ್ತಾನೆ. ಒಂದು ಬದಿಗೆ ಹೆಚ್ಚು ಜಗ್ಗಿದರೆ ತೆಪ್ಪ ಬುಗುರಿಯಾಗುವುದು. ಸೆಳವು ಎಲ್ಲಿದೆ, ಮಡು ಎಲ್ಲಿದೆ, ನೀರಿನ ಕೆಳಗೆ ಬಂಡೆ ಎಲ್ಲಿ ಅಡಗಿದೆಯೆಂಬುದನ್ನು ಅವನು ನೀರಿನ ಮೈಯ ಸುಕ್ಕುಗಳಿಂದಲೇ ಓದುತ್ತಾನೆ. ಮಾರ್ಗಶಿರದ ಒಂದು ಬೆಳಗ್ಗೆ ನಾವು ದಾಟುವಾಗ ನಮ್ಮೊಡನಿದ್ದ ಹುಡುಗನೊಬ್ಬನು, “ಕಾಕಾ, ಒಂದ್ಸಲ ಗರಗರ ತಿರುಗಿಸ್ರಿ” ಎಂದು ಕೇಳಿದನು. ಆನೆಗೊಂದಿಯ ಬಳಿಯ ಸಣಾಪುರದ ಕೆರೆಯಲ್ಲಿ ಪ್ರವಾಸಿಗಳ ವಿನೋದಕ್ಕಾಗಿ ಹಾಗೆ ತಿರುಗಿಸುವುದುಂಟು. ಮುದುಕ ಅಂಬಿಗನು ನಗುತ್ತ, “ಅದು ಕೆರ್ಯಾಗ ಆಗತೈತಿ ತಮ್ಮಾ, ಹೊಳ್ಯಾಗ ಅಲ್ಲ” ಎಂದು ಹೇಳಿ ಹುಟ್ಟು ಹಾಕುವುದನ್ನು ಮುಂದುವರಿಸಿದನು.

ಚಳಿಗಾಲದ ಬೆಳಗು ಈ ನೀರಿನ ಮೇಲೆ ಬಹು ರಮಣೀಯವಾಗಿರುತ್ತದೆ. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಹರವಿ ಬಿಸಿಲು ಕಾಯಿಸುತ್ತವೆ. ಮೀಂಚುಳ್ಳಿಯು ಒಂದೇ ಕಡೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು ಕಲ್ಲಿನಂತೆ ನೀರಿಗೆ ಬೀಳುತ್ತದೆ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಬಾತುಗಳೂ, ಅಶೋಕನು ಹೆಸರಿಸಿದ ಚಕ್ರವಾಕಗಳೂ ಈ ಸೀಮೆಯ ನೀರುಗಳಿಗೆ ಚಳಿಗಾಲದ ಅತಿಥಿಗಳು. ಮೊಸಳೆಯುಂಟೇ ಎಂದು ಹೆಂಗಸರು ಕೇಳುವರು, ಉಂಟು. ಬಿಸಿಲೇರಿದ ಮೇಲೆ ಮಳಲದಿಬ್ಬದ ಮೇಲೆ ಕೊರಡಿನಂತೆ ಬಿದ್ದಿರುತ್ತದೆ. ಆದುದರಿಂದ ಮಕ್ಕಳನ್ನು ನೀರಿಗಿಳಿಸುವುದೂ, ಕೈಯನ್ನು ತೆಪ್ಪದ ಹೊರಗೆ ಬಿಡುವುದೂ ಸಲ್ಲದು.

ಹೊಳೆಯ ಟರ್ನ್ ಹಕ್ಕಿಗೆ ಕನ್ನಡದಲ್ಲಿ ನದಿರೀವವೆಂಬ ಹೆಸರಿದೆ. ಹಳದಿ ಕೊಕ್ಕು, ಕರಿಯ ನೆತ್ತಿ, ಕವಲುಬಾಲ. ಇದು ಗೂಡು ಕಟ್ಟುವ ಹಕ್ಕಿಯಲ್ಲ. ಮಾರ್ಚಿಯಿಂದ ಮೇ ತಿಂಗಳ ವರೆಗೆ, ಹೊಳೆ ಇಳಿದು ಮಳಲದಿಬ್ಬಗಳು ತಲೆಯೆತ್ತಿದಾಗ, ಬರಿಯ ಮಳಲಿನಲ್ಲಿ ತಗ್ಗು ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣವು ಮಳಲಿನ ಬಣ್ಣವೇ ಆಗಿರುವುದರಿಂದ ಕಾಲಡಿಗೆ ಬಂದರೂ ತಿಳಿಯದು. ನಾಯಿ ತುಳಿದರೂ, ಮರಳಿನ ಲಾರಿ ಬಂದರೂ, ಅಣೆಕಟ್ಟಿನಿಂದ ಒಮ್ಮೆಲೆ ನೀರು ಬಿಟ್ಟರೂ ಆ ವರ್ಷದ ಸಂಸಾರ ಅಲ್ಲಿಗೆ ಮುಗಿಯಿತು.

ಹಕ್ಕಿಯ ಈ ಪಾಡಿಗೂ ಗಡ್ಡೆಯ ಮನುಷ್ಯರ ಪಾಡಿಗೂ ಬಹಳ ಅಂತರವಿಲ್ಲ. ನಾವು ವಿಹಾರಕ್ಕೆ ಹೋಗುವುದು ಹೊಳೆ ಶಾಂತವಾಗಿರುವಾಗ. ಗಡ್ಡೆಯವರು ವರ್ಷದ ಹನ್ನೆರಡು ತಿಂಗಳೂ ಅಲ್ಲಿಯೇ ಇರತಕ್ಕವರು. ಅವರ ಹೊಲ, ಎಮ್ಮೆ, ಆಡು, ಗುಡಿಸಲು ಎಲ್ಲವೂ ನೀರಿನ ನಡುವೆ. ಶಾಲೆ, ಸಂತೆ, ಆಸ್ಪತ್ರೆಗಳೆಲ್ಲ ನೀರಿನ ಆಚೆ. ಕೃಷ್ಣೆಯು ಹುಟ್ಟುವುದು ಮಹಾಬಲೇಶ್ವರದಲ್ಲಿ. ಅಲ್ಲಿಯೂ ಕೊಯ್ನಾ ಕಣಿವೆಯಲ್ಲಿಯೂ ಮಳೆ ಸುರಿಯುತ್ತಿರುವಾಗ ಲಿಂಗಸುಗೂರಿನ ಮೇಲೆ ಒಂದು ಮೋಡವೂ ಇಲ್ಲದಿರಬಹುದು. ಬಿರಿಬಿಸಿಲಿನಲ್ಲಿಯೇ ಹೊಳೆ ಏರುತ್ತದೆ! ಆಲಮಟ್ಟಿಯ ಜಲಾಶಯ ತುಂಬಿ, ಅದರ ಕೆಳಗಿನ ನಾರಾಯಣಪುರದ ಬಸವಸಾಗರವೂ ತುಂಬಿ ಬಾಗಿಲುಗಳನ್ನು ಎತ್ತಿದರೆ, ಆ ನೀರೆಲ್ಲ ಬರುವುದು ಈ ಗಡ್ಡೆಗಳ ಮೇಲೆಯೇ. ಹಿಂದಿನವರು ಇರುವೆಯ ಸಾಲು, ಗಾಳಿಯ ದಿಕ್ಕು ನೋಡಿ ಹೊಳೆಯ ಮನಸ್ಸನ್ನು ಊಹಿಸುತ್ತಿದ್ದರು. ಬಾಗಿಲುಗಳ ಮನಸ್ಸು ಇರುವೆಗೆ ತಿಳಿಯುವುದೆಂತು? ಈಗ ಡಂಗುರವೋ ಫೋನೋ ಬರಬೇಕು.

ಸೆಕೆಂಡಿಗೆ ಒಂದು ಘನ ಅಡಿ ನೀರಿಗೆ ಒಂದು ಕ್ಯೂಸೆಕ್ ಎನ್ನುವರು. ಬಿಡುವ ನೀರು ಲಕ್ಷ ಕ್ಯೂಸೆಕ್ಸನ್ನು ಮೀರಿ ಏರತೊಡಗಿತೆಂದರೆ ಶೀಲಹಳ್ಳಿಯ ಸೇತುವೆಯ ಚಿಂತೆ ಮೊದಲಾಗುತ್ತದೆ. ಅದು ಮುಳುಗಿದರೆ ಹಂಚಿನಾಳ, ಯಳಗುಂದಿ, ಕಡದರಗಡ್ಡಿ, ಯರಗೋಡಿಗಳ ದಾರಿ ಕಡಿಯಿತು. ೨೦೦೯ರ ಮತ್ತು ೨೦೧೯ರ ಮಹಾಪೂರಗಳನ್ನು ಇಲ್ಲಿಯವರು ಮರೆತಿಲ್ಲ. ೨೦೧೯ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಹೊರಟ ನೀರು ಆರು ಲಕ್ಷ ಕ್ಯೂಸೆಕ್ಸಿನ ಮಟ್ಟಕ್ಕೆ ಏರಿತ್ತು. ಅಧಿಕಾರಿಗಳು ಬೋಟು ತಂದು ಕರೆದರೂ ಗಡ್ಡೆಯ ಕೆಲವು ಕುಟುಂಬಗಳು ಏಳುವುದಿಲ್ಲ. ಪಟ್ಟಣದಲ್ಲಿ ಕುಳಿತು ಇದನ್ನು ಹಟವೆನ್ನುವವರಿದ್ದಾರೆ. ಬೋಟಿನಲ್ಲಿ ಮನುಷ್ಯನಿಗೆ ಜಾಗವಿದೆ, ಎಮ್ಮೆಗಿಲ್ಲ. ಎಮ್ಮೆಯನ್ನು ಬಿಟ್ಟು ದಡ ಸೇರಿದವನು ನೀರು ಇಳಿದ ಮೇಲೆ ಏನನ್ನು ಕಟ್ಟಿಕೊಂಡು ಬಾಳಬೇಕು? ಶಾಶ್ವತವಾದ ಸೇತುವೆ ಇಲ್ಲವೇ ದಡದ ಮೇಲೆ ನೆಲ, ಇವೆರಡರಲ್ಲಿ ಒಂದನ್ನು ಅವರು ಕೇಳುತ್ತಿರುವುದು ನ್ಯಾಯವೆಂದು ನಮಗೆ ತೋರುತ್ತದೆ.

ಹೊಳೆಯ ಆಚೆಯ, ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಲ್ಲಿ ೨೦೧೪ರ ಮಳೆಗಾಲದಲ್ಲಿ ನಡೆದ ಸಂಗತಿಯನ್ನು ಪತ್ರಿಕೆಗಳಲ್ಲಿ ಓದಿದವರು ಇನ್ನೂ ನೆನೆಯುತ್ತಾರೆ. ಹೊಳೆ ತುಂಬಿ ತೆಪ್ಪ ನಿಂತಿತ್ತು. ದಿನ ತುಂಬುತ್ತ ಬಂದ ಗರ್ಭಿಣಿಯೊಬ್ಬಳು, ಗಡ್ಡೆಯಲ್ಲಿ ಹೆರಿಗೆಯಾದರೆ ಕೂಸಿನ ಗತಿಯೇನೆಂದು ಹೆದರಿ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಒಡಹುಟ್ಟಿದವರ ಆಸರೆಯಲ್ಲಿ ತುಂಬಿದ ಕೃಷ್ಣೆಯನ್ನು ಈಜಿ ದಡ ಸೇರಿದಳು. ಇದನ್ನು ಸಾಹಸವೆಂದು ಹೊಗಳಿದವರು ಅನೇಕರು. ಆ ತಂದೆಯು ನೀರಿನಲ್ಲಿ ಕಳೆದ ಒಂದೊಂದು ಗಳಿಗೆಯೂ ಎಂಥದಾಗಿರಬೇಕೆಂದು ಹೆಣ್ಣುಮಕ್ಕಳ ತಂದೆತಾಯಿಗಳಾದ ನಮ್ಮ ಓದುಗರು ಊಹಿಸಿಕೊಳ್ಳಬಲ್ಲರು. ಕೆಳಗಡೆ, ರಾಯಚೂರು ತಾಲ್ಲೂಕಿನ ಕುರ್ವಕುಲದ ಬಳಿ ೨೦೨೦ರ ಆಗಸ್ಟಿನಲ್ಲಿ ತೆಪ್ಪ ಮಗುಚಿದಾಗ ಎಲ್ಲರೂ ದಡ ಸೇರಲಿಲ್ಲ.

ತುಂಗಭದ್ರೆಯ ಕಡೆಯ ಮಾತನ್ನೂ ಎರಡಕ್ಷರ ಹೇಳಬೇಕು. ಸಿಂಧನೂರಿನಿಂದ ದಕ್ಷಿಣಕ್ಕೆ ಹೊಳೆ ದಾಟಿ ಮೇಲಕ್ಕೆ ಹೋದರೆ, ಮುದ್ಲಾಪುರದಿಂದ ಕಂಪ್ಲಿಯ ವರೆಗೆ ೩೪ ಕಿಲೋಮೀಟರು ಉದ್ದದ ಹೊಳೆಯನ್ನು ೨೦೧೫ರಲ್ಲಿ ಸರಕಾರವು ನೀರುನಾಯಿಗಳ ರಕ್ಷಣೆಗೆಂದು ಮೀಸಲಿಟ್ಟಿದೆ. ನೀರುನಾಯಿಯು ಬಂಡೆಗಳ ಸಂದಿನಲ್ಲಿ ಮರಿಹಾಕಿ, ಮೀನು ಹಿಡಿದು, ಗುಂಪಾಗಿ ಬಾಳುವ ಪ್ರಾಣಿ. ಸಿಡಿಮದ್ದಿನಿಂದ ಮೀನು ಹಿಡಿಯುವವರೂ ಮರಳು ತೋಡುವವರೂ ಅದರ ಶತ್ರುಗಳು. ದಂಡೆಯ ಮೇಲೆ ಸದ್ದಿಲ್ಲದೆ ಕುಳಿತರೆ ನಸುಕಿನಲ್ಲಿಯೋ ಸಂಜೆಯಲ್ಲಿಯೋ ನಾಲ್ಕೈದು ಕರಿಯ ತಲೆಗಳು ನೀರಿನ ಮೇಲೆ ಕಾಣಿಸಿಕೊಳ್ಳಬಹುದು.

ಹೋಗಬಯಸುವವರು ಕಾರ್ತೀಕದ ಅನಂತರ, ಮಾಘ ಮುಗಿಯುವುದರೊಳಗೆ ಹೋಗುವುದು ಉತ್ತಮ. ಹೊರಡುವ ಮೊದಲು ಜಲಾಶಯದಿಂದ ನೀರು ಬಿಡುವ ವಿಷಯವನ್ನು ವಿಚಾರಿಸಿಕೊಳ್ಳಬೇಕು. ಜೀವರಕ್ಷಕ ಅಂಗಿಯಿಲ್ಲದೆ ತೆಪ್ಪ ಹತ್ತಬಾರದು. ಅಂಬಿಗನು ಇಂದು ಬೇಡವೆಂದರೆ ಹಣ ತೋರಿಸಿ ಒತ್ತಾಯಿಸಬಾರದು. ಕಡವಿನಲ್ಲಿ ಗಡ್ಡೆಯವರು ಕಾದಿದ್ದರೆ ಮೊದಲ ಸರದಿ ಅವರದು. ಅವರ ತಲೆಯ ಮೇಲೆ ಪಡಿತರದ ಅಕ್ಕಿಯ ಚೀಲವಿರುತ್ತದೆ, ಮನೆಯಲ್ಲಿ ಒಲೆ ಹೊತ್ತಿಸಿ ಕಾಯುವವರಿರುತ್ತಾರೆ. ನಮ್ಮ ಬುತ್ತಿಯಂತೂ ಗಂಟಿನಲ್ಲಿಯೇ ಇದೆ.