ಆಕಾಶದ ಮಾತುಗಳಿಗೊಂದು ಲೆಕ್ಕ

ಆಕಾಶವು ಅಪಾರವಾದುದು, ಆದರೆ ಅಲ್ಲಿ ಮಾತನಾಡಲು ಇರುವ ಎಡೆ ಬಹು ಇಕ್ಕಟ್ಟಾದುದು. ವಿಮಾನ ಚಾಲಕನೂ ನೆಲದ ಮೇಲಿನ ನಿಯಂತ್ರಣಾಧಿಕಾರಿಯೂ ಸಂಭಾಷಿಸುವ ರೇಡಿಯೋ ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬೇಕು. ಇಬ್ಬರು ಒಟ್ಟಿಗೆ ನುಡಿದರೆ ಕೇಳುವವನ ಕಿವಿಗೆ ಬೀಳುವುದು ಬರಿಯ ಕೀರಲು ಸದ್ದು. ೧೯೭೭ರ ಮಾರ್ಚ್ ೨೭ರಂದು ಮಂಜು ಕವಿದ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ಎರಡು ಎಚ್ಚರಿಕೆಯ ಮಾತುಗಳು ಹೀಗೆಯೇ ಒಂದರ ಮೇಲೊಂದು ಬಿದ್ದು ಅಡಗಿಹೋದವು. ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು ೫೮೩ ಮಂದಿ ಮಡಿದರು. ಆ ದುರಂತಕ್ಕೆ ಕಾರಣಗಳು ಹಲವು. ಇದೂ ಅವುಗಳಲ್ಲಿ ಒಂದು.

ವಿಮಾನಗಳು ಹೆಚ್ಚಿದಂತೆ ಮಾತೂ ಹೆಚ್ಚಿತು. ಯೂರೋಪಿನವರು ೧೯೯೯ರಲ್ಲಿ ಎತ್ತರದ ಆಕಾಶದ ಒಂದೊಂದು ಚಾನೆಲ್ಲನ್ನೂ ಮೂರಾಗಿ ಸೀಳಲಾರಂಭಿಸಿದರು. ಅದೂ ಸಾಲದೆಂದು, ಬಾಯಿಮಾತಿನ ಬದಲು ಬರಹದ ಸಂದೇಶಗಳನ್ನು ಕಳುಹಿಸುವ ಏರ್ಪಾಟು ಬಂದಿತು. ಆದರೆ ಈ ಏರ್ಪಾಟು ನಾಳಿನ ಸಂದಣಿಯನ್ನು ತಾಳೀತೆ? ಇದನ್ನು ಮೊದಲೇ ತಿಳಿಸಲೆಂದೇ ವಿಶೇಷ ತಂತ್ರಾಂಶಗಳಿವೆ.

ಇವುಗಳ ಮೂಲತತ್ತ್ವ ಹಳೆಯದು. ದೂರವಾಣಿ ಕರೆಗಳ ಸಂದಣಿಯನ್ನು ಸಂಭವನೀಯತೆಯ ಗಣಿತದಿಂದ ಅಳೆಯಬಹುದೆಂದು ಡೆನ್ಮಾರ್ಕಿನ ಏರ್ಲಾಂಗ್ ೧೯೦೯ರಲ್ಲಿಯೇ ತೋರಿಸಿದ್ದನು. ಮದುವೆಯ ಮನೆಯನ್ನು ನೋಡಿ: ಮುನ್ನೂರು ಅತಿಥಿಗಳು ದಿನವಿಡೀ ಬಿಡಿಬಿಡಿಯಾಗಿ ಬಂದರೆ ಅಡ್ಡಿಯಿಲ್ಲ, ಧಾರೆ ಮುಗಿದೊಡನೆ ಎಲ್ಲರೂ ಒಂದೇ ಪಂಕ್ತಿಗೆ ಎದ್ದರೆ ಎಲೆ ಸಾಲದು. ಆದುದರಿಂದ ಸರಾಸರಿಯನ್ನು ನಂಬುವಂತಿಲ್ಲ. ಅತ್ಯಂತ ಸಂದಣಿಯ ಗಳಿಗೆಯನ್ನು ಎಣಿಸಬೇಕು. ಯಾವ ಹೊತ್ತಿನಲ್ಲಿ ಎಷ್ಟು ವಿಮಾನಗಳು ಎಲ್ಲಿರುವುವು, ಏರುವಾಗ, ಸಾಗುವಾಗ, ಇಳಿಯುವಾಗ ಒಂದೊಂದೂ ಎಷ್ಟು ಸಂದೇಶಗಳನ್ನು ಕಳುಹಿಸುವುದು, ಅವುಗಳ ಉದ್ದವೆಷ್ಟು ಎಂಬುದನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಿ, ಇನ್ನೂ ಬಾರದ ದಿನವನ್ನು ಅದರೊಳಗೆ ನಡೆಸಿ ನೋಡುತ್ತಾರೆ. ವಿಮಾನ ಕಂಪೆನಿಗಳು ಎಂಜಿನ್ನು, ಹವಾಮಾನಗಳ ಕುರಿತು ಕಳುಹಿಸುವ ಸಂದೇಶಗಳೂ ಅದೇ ದಾರಿಯಲ್ಲಿ ಸಾಗುವುದರಿಂದ ಅವನ್ನೂ ಮರೆಯುವಂತಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪ್ರತಿಯೊಂದು ಕೇಂದ್ರವೂ ಮೊದಲು ಕಿವಿಗೊಟ್ಟು, ಚಾನೆಲ್ಲು ಬರಿದಾಗಿದ್ದರೆ ಮಾತ್ರ ಸಂದೇಶ ಕಳುಹಿಸುತ್ತದೆ. ಆದರೆ ದೂರದೂರದ ಎರಡು ನೆಲದ ಕೇಂದ್ರಗಳಿಗೆ ಭೂಮಿಯ ಬಾಗಿನಿಂದಾಗಿ ಒಂದರ ದನಿ ಇನ್ನೊಂದಕ್ಕೆ ಕೇಳಿಸದು. ಎತ್ತರದಲ್ಲಿರುವ ವಿಮಾನಕ್ಕೋ ಎರಡೂ ಕೇಳಿಸಿ ಕಲಸಿಹೋಗುತ್ತವೆ. ಕೆಟ್ಟ ಸಂದೇಶವನ್ನು ಮತ್ತೆ ಕಳುಹಿಸಬೇಕು. ಅದರಿಂದ ಸಂದಣಿ ಮತ್ತಷ್ಟು ಬೆಳೆಯುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಯೂರೋಪೇ ಸಾಕ್ಷಿ. ವಿಮಾನಗಳು ಈ ಬರಹದ ಸಾಧನವನ್ನು ೨೦೧೫ರ ಫೆಬ್ರವರಿಯೊಳಗೆ ಅಳವಡಿಸಿಕೊಳ್ಳಬೇಕೆಂದು ಅಲ್ಲಿ ೨೦೦೯ರಲ್ಲಿ ಕಟ್ಟಳೆಯಾಯಿತು. ಬಳಕೆಗೆ ಬಂದಾಗ ಸಂಪರ್ಕ ನಡುನಡುವೆ ಕಡಿದುಹೋಗತೊಡಗಿತು. ಕಡಿದಾಗಲೆಲ್ಲ ಚಾಲಕನೂ ಅಧಿಕಾರಿಯೂ ಆ ಇಕ್ಕಟ್ಟಿನ ಬಾಯಿಮಾತಿಗೇ ಮರಳಬೇಕು. ಒಂದೇ ಚಾನೆಲ್ಲಿನ ಮೇಲೆ ಭಾರವನ್ನೆಲ್ಲ ಹೇರಿದ್ದುದೇ ಮುಖ್ಯ ದೋಷವೆಂದು ತಿಳಿದುಬಂದಿತು. ಗಡುವು ೨೦೨೦ಕ್ಕೆ ಮುಂದೆ ಹೋಯಿತು. ಹಲವು ಚಾನೆಲ್ಲುಗಳನ್ನು ಬಳಸುವ ದಾರಿಯನ್ನು ಹಿಡಿಯಬೇಕಾಯಿತು.

ಮುನ್ಸೂಚನೆಯ ತಂತ್ರಾಂಶವು ಭವಿಷ್ಯ ನುಡಿಯುವ ಜೋಯಿಸನಲ್ಲ. ಕೊಟ್ಟ ಲೆಕ್ಕ ಸರಿಯಾಗಿದ್ದರೆ ಮಾತ್ರ ಅದರ ಉತ್ತರ ಸರಿ. ಆದರೂ ಮೋಡಗಳ ನಡುವೆ ತೂಕಡಿಸುತ್ತಿರುವ ಪ್ರಯಾಣಿಕನ ನೆಮ್ಮದಿಯು, ನಾಳೆ ಆಡಲಿರುವ ಮಾತಿಗೆ ಇಂದೇ ಎಡೆಮಾಡಿಡುವ ಆ ಎಣಿಕೆಯನ್ನು ಅವಲಂಬಿಸಿದೆ.