ಭೀಮೆಯ ದಂಡೆಯ ಮಹಾಚೈತ್ಯ

ಮೋರಟಗಿ ಕಡೆಯಿಂದ ಜೇವರ್ಗಿ ದಾಟಿ ಭೀಮೆಯ ಹರಿವಿನ ಜಾಡು ಹಿಡಿದರೆ ಸನ್ನತಿ ಸಿಗುತ್ತದೆ. ನಮ್ಮ ಸೀಮೆಯವರಿಗೆ ಅದು ಚಂದ್ರಲಾ ಪರಮೇಶ್ವರಿಯ ಊರು. ಹರಕೆ ತೀರಿಸಿ ಮರಳುವವರಲ್ಲಿ ಬಹಳ ಮಂದಿ ಪಕ್ಕದ ಕನಗನಹಳ್ಳಿಯತ್ತ ಹೊರಳಿಯೂ ನೋಡುವುದಿಲ್ಲ.

1986ರಲ್ಲಿ ಸನ್ನತಿಯ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಅದಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿತು! ಮುಂದೆ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಕನಗನಹಳ್ಳಿಯ ದಿಬ್ಬವನ್ನು ಅಗೆದಾಗ ಕುಸಿದ ಸ್ತೂಪವೊಂದು ಹೊರಬಂತು. ಅಲ್ಲಿಯ ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಎನ್ನುತ್ತವೆ.

ಸ್ತೂಪಕ್ಕೆ ಗರ್ಭಗುಡಿಯಿಲ್ಲ, ಒಳಗೆ ಕಾಲಿಡಲು ಬಾಗಿಲೂ ಇಲ್ಲ. ಶರಣರ ಗದ್ದುಗೆಗೆ ಸುತ್ತು ಬರುವಂತೆ ಬಲಕ್ಕೆ ಸುತ್ತುವುದೇ ಪೂಜೆ. ಕೆಳಗಿನ ದುಂಡು ಕಟ್ಟೆ ಮೇಧಿ. ಅದರ ಮೇಲಿನ ಗುಮ್ಮಟ ಅಂಡ, ಅಸ್ಥಿಧಾತು ಒಡಲಲ್ಲಿಟ್ಟುಕೊಂಡ ಜಗತ್ತಿನ ಮೊಟ್ಟೆ. ನೆತ್ತಿಯಲ್ಲಿ ಚೌಕಾಕಾರದ ಹರ್ಮಿಕೆ, ಅದರ ನಡುವಿನಿಂದ ಮೇಲೇಳುವ ಯಷ್ಟಿ ಲೋಕದ ಅಚ್ಚುಗಂಬ. ಅದಕ್ಕೆ ಪೋಣಿಸಿದ ಛತ್ರಗಳು ಅರಸನಿಗೆ ಸಲ್ಲುವ ಗೌರವವನ್ನು ಸನ್ಯಾಸಿಗೆ ಸಲ್ಲಿಸುತ್ತವೆ. ಅಮರಾವತಿ, ನಾಗಾರ್ಜುನಕೊಂಡಗಳಂತೆ ಇಲ್ಲಿಯೂ ನಾಲ್ಕು ದಿಕ್ಕಿಗೆ ಹೊರಚಾಚಿದ ಕಟ್ಟೆಗಳು, ಅಂದರೆ ಆಯಕ ವೇದಿಕೆಗಳಿವೆ, ಸಾಂಚಿಯಲ್ಲಿ ಇವಿಲ್ಲ. ಇಂಥ ವೇದಿಕೆಯ ಮೇಲೆ ನಿಲ್ಲಿಸುವ ಐದು ಕಂಬಗಳನ್ನು ಬುದ್ಧನ ಜನನ, ಗೃಹತ್ಯಾಗ, ಜ್ಞಾನೋದಯ, ಮೊದಲ ಉಪದೇಶ, ಪರಿನಿರ್ವಾಣಗಳ ಗುರುತೆಂದು ಓದುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಸ್ತೂಪಕ್ಕೆ ಹೊದಿಸಿದ್ದ ಚಪ್ಪಡಿಗಳ ಮೇಲಿನ ಕೆತ್ತನೆ. ಕಲ್ಲು ಇದೇ ಸೀಮೆಯ ಸುಣ್ಣಕಲ್ಲು, ನಯವಾದ ಬೂದು ಬಿಳುಪು. ಹಳೆಯ ಕೆತ್ತನೆಗಳಲ್ಲಿ ಬುದ್ಧನ ಮೈಯೇ ಇಲ್ಲ. ಧರ್ಮಚಕ್ರ, ಬೋಧಿವೃಕ್ಷ, ಪಾದದ ಗುರುತು, ಇಷ್ಟೇ. ಮೂರ್ತಿಗಳು ಬಂದದ್ದು ಆಮೇಲೆ. ಸ್ತೂಪವನ್ನೇ ಕೆತ್ತಿದ ಕಲ್ಲುಗಳೂ ಇವೆ. ಬಿದ್ದುಹೋದ ಚೈತ್ಯ ನಿಂತಾಗ ಹೇಗಿತ್ತೆಂದು ಊಹಿಸಲು ಅವೇ ಆಧಾರ.

ಇವುಗಳ ನಡುವೆ ಒಬ್ಬ ಅರಸ, ಜೊತೆಗೆ ರಾಣಿ, ಛತ್ರ ಚಾಮರ ಹಿಡಿದ ಪರಿಚಾರಿಕೆಯರು. ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರು ಕೊರೆದಿದೆ. ಅಶೋಕ ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ, ಶಾತವಾಹನರ ಕಾಲದಲ್ಲಿ ಕೆತ್ತಿದ್ದು. ಹಾಗಾಗಿ ಮುಖ ಅವನದೇ ಎನ್ನಲಾಗದು. ಸಾಂಚಿಯಲ್ಲೂ ಅಶೋಕನೆಂದು ಗುರುತಿಸುವ ಶಿಲ್ಪಗಳಿವೆ, ಆದರೆ ಅವು ಊಹೆ. ಇಲ್ಲಿ ಕಲ್ಲೇ ಹೆಸರು ಹೇಳುತ್ತದೆ.

ಇಂಡಿ, ಸಿಂದಗಿ ಕಡೆಯ ಶಾಲೆಗಳ ಪ್ರವಾಸವೆಂದರೆ ಹಂಪಿ, ಬಾದಾಮಿ. ಗುರುಗಳೇ, ಈ ವರ್ಷ ಒಂದು ದಿನವನ್ನು ಕನಗನಹಳ್ಳಿಗೂ ಎತ್ತಿಡಿ.