ತಳಪಾಯಕ್ಕೆ ಮುನ್ನ ಗಾಳಿಯ ಲೆಕ್ಕ

ಬೆಲ್ಲದ ಬಾಗೇವಾಡಿಯೂ ಸೇರಿದಂತೆ ಹುಕ್ಕೇರಿ ಸೀಮೆಯ ಊರುಗಳಲ್ಲಿ ದಪ್ಪ ಮಣ್ಣಿನ ಗೋಡೆ, ಮೇಲ್ಮುದ್ದೆ, ಬೆಳಕಿಂಡಿಗಳ ಹಳೆಯ ಮನೆಗಳಿದ್ದ ಜಾಗದಲ್ಲಿ ಸಿಮೆಂಟಿನ ಸ್ಲ್ಯಾಬ್ ಮನೆಗಳು ಏಳುತ್ತಿದ್ದಂತೆ, ಬೇಸಿಗೆಯ ಸೆಕೆಯನ್ನು ಹೊರಹಾಕುವ ಹೊಣೆ ಗೋಡೆ-ಕಿಂಡಿಗಳಿಂದ ಜಾರಿ ಫ್ಯಾನು, ಕೂಲರು, ಏಸಿಗಳ ಮೇಲೆ, ಅಂದರೆ ವಿದ್ಯುತ್ತಿನ ಮೇಲೆ ಬಿದ್ದಿದೆ. ನಕ್ಷೆ ಇನ್ನೂ ಕಾಗದದಲ್ಲಿರುವಾಗಲೇ ಕಟ್ಟಡದೊಳಗೆ ಗಾಳಿ ಎಲ್ಲಿ ನುಗ್ಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ವಿಧಾನ ಈ ಹೊರೆಯನ್ನು ತಗ್ಗಿಸಬಲ್ಲದು.

ಈ ವಿಧಾನದಲ್ಲಿ ಕೋಣೆಯ ಒಳಗಿನ ಮತ್ತು ಕಟ್ಟಡದ ಸುತ್ತಲಿನ ಜಾಗವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಒಡೆದು, ಪ್ರತಿ ಕೋಶಕ್ಕೂ ಗಾಳಿಯ ವೇಗ, ಒತ್ತಡ, ತಾಪಮಾನಗಳನ್ನು ಲೆಕ್ಕ ಹಾಕಲಾಗುತ್ತದೆ. ಇದಕ್ಕೆ ಆಧಾರವಾದ ಸಮೀಕರಣಗಳನ್ನು ಫ್ರಾನ್ಸಿನ ನೇವಿಯರ್ 1822ರಲ್ಲಿ, ಬ್ರಿಟನ್ನಿನ ಸ್ಟೋಕ್ಸ್ 1845ರಲ್ಲಿ ರೂಪಿಸಿದರಾದರೂ, ಸುಳಿಗಳಿಂದ ತುಂಬಿದ ನಿಜವಾದ ಹರಿವಿಗೆ ಅವನ್ನು ಕೈಯಿಂದ ಬಿಡಿಸುವುದು ಅಸಾಧ್ಯವಾಗಿದ್ದರಿಂದ ಗಣಕಯಂತ್ರ ಬರುವವರೆಗೆ ಕಾಯಬೇಕಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1986ರಲ್ಲಿ ನಿರ್ಮಿಸಿದ, ಹಲವು ಸಂಸ್ಕಾರಕಗಳು ಏಕಕಾಲಕ್ಕೆ ದುಡಿಯುವ ‘ಫ್ಲೋಸಾಲ್ವರ್’ ಯಂತ್ರ ಹುಟ್ಟಿದ್ದೇ ಇಂಥ ಲೆಕ್ಕಗಳಿಗಾಗಿ; ವಿಮಾನದ ರೆಕ್ಕೆಗಾಗಿ ಬೆಳೆದ ವಿದ್ಯೆ ಮನೆಯ ಕಿಟಕಿಗೆ ಬಂದದ್ದು ತಡವಾಗಿ.

ಕಟ್ಟಡದೊಳಗೆ ಗಾಳಿಯನ್ನು ತಾನಾಗಿಯೇ ಓಡಿಸುವ ಬಲಗಳು ಎರಡು. ಬೀಸುಗಾಳಿ ಒಂದು ಗೋಡೆಯನ್ನು ಒತ್ತಿ ಎದುರು ಗೋಡೆಯ ಕಡೆ ಸೆಳೆತವನ್ನು ಉಂಟುಮಾಡುವುದು ಒಂದು. ಬಿಸಿಗಾಳಿ ಹಗುರಾಗಿ ಮೇಲೇರಿ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುವುದು ಇನ್ನೊಂದು. ಈ ಎರಡನೆಯದು ಬೆಲ್ಲದ ಗಾಣಗಳಿರುವ ಸೀಮೆಗೆ ಹೊಸತೇನಲ್ಲ, ಏಕೆಂದರೆ ಕೊಪ್ಪರಿಗೆಯ ಕೆಳಗಿನ ಉರಿಯನ್ನು ಚಿಮಣಿ ಎಳೆಯುವುದು ಇದೇ ಬಲದಿಂದ. ಆದರೆ ಮನೆಯಲ್ಲಿ ಒಲೆಯ ಶಾಖವಿರುವುದಿಲ್ಲ: ಒಳಗೂ ಹೊರಗೂ 5 ಡಿಗ್ರಿ ವ್ಯತ್ಯಾಸವಿದ್ದು, ಮೇಲಿನ ಮತ್ತು ಕೆಳಗಿನ ಕಿಂಡಿಗಳ ನಡುವೆ 6 ಮೀಟರ್ ಅಂತರವಿದ್ದರೂ ದೊರೆಯುವ ಒತ್ತಡ ಸುಮಾರು 1 ಪಾಸ್ಕಲ್ ಮಾತ್ರ, ಸೆಕೆಂಡಿಗೆ 3 ಮೀಟರ್ ವೇಗದ ಸಾಧಾರಣ ಗಾಳಿಯ ಒತ್ತಡವಾದರೋ ಸುಮಾರು 5 ಪಾಸ್ಕಲ್. ಗಾಳಿಗೆ ಬೆನ್ನು ಹಾಕಿದ ಮನೆಗೆ ಎತ್ತರದ ಗವಾಕ್ಷಿಯೊಂದನ್ನು ಇಟ್ಟು ನಿಶ್ಚಿಂತರಾಗುವವರು ಈ ಅಂಕಿಗಳನ್ನು ಗಮನಿಸಬೇಕು.

ಬೆಂಗಳೂರಿನ ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸಗೊಳಿಸಿದ ‘ಟೆರಿ’ ಸಂಸ್ಥೆಯ ಕಟ್ಟಡದಲ್ಲಿ ಸಮಸ್ಯೆ ಇನ್ನೂ ಜಟಿಲವಾಗಿತ್ತು: ಗಾಳಿ ಬರುವುದು ದಕ್ಷಿಣದಿಂದ, ದುರ್ನಾತದ ಮೋರಿಯೂ ಅದೇ ದಿಕ್ಕಿಗೆ. ಆದ್ದರಿಂದ ದಕ್ಷಿಣವನ್ನು ಮುಚ್ಚಿ, ಕಪ್ಪು ಕಡಪಾ ಕಲ್ಲಿನ ಹೊದಿಕೆಯ ಹಿಂದೆ ಪೊಳ್ಳು ಬಿಡಲಾಯಿತು. ಬಿಸಿಲಿಗೆ ಕಾದ ಕಲ್ಲಿನ ಹಿಂದೆ ಗಾಳಿ ಮೇಲೇರುತ್ತ ಉತ್ತರದ ತೆರಪುಗಳಿಂದ ಶುದ್ಧ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಎರಡು ಬಲಗಳು ಹೀಗೆ ಒಂದಕ್ಕೊಂದು ಎದುರಾಗುವಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಅಂದಾಜಿಗೆ ಬಿಡುವುದಕ್ಕಿಂತ ಲೆಕ್ಕಕ್ಕೆ ಒಪ್ಪಿಸುವುದೇ ಜಾಣತನ.

ಆದರೂ ಕಂಪ್ಯೂಟರು ಹೇಳುವುದು ತನಗೆ ಕೊಟ್ಟ ಮಾಹಿತಿಯಷ್ಟೇ ನಿಜ. ಸೊಳ್ಳೆಪರದೆ ಹಾಕಿದ ಕಿಟಕಿಯನ್ನು ಬರಿಯ ಕಿಟಕಿಯೆಂದು ತಿಳಿಸಿದರೆ, ಮನೆಗೆ ಎಂದೂ ಬಾರದ ಗಾಳಿಯನ್ನು ಅದು ಚಿತ್ರದಲ್ಲಿ ತೋರಿಸುತ್ತದೆ. ದೂರದ ವಿಮಾನ ನಿಲ್ದಾಣದಲ್ಲಿ ಅಳೆದ ಗಾಳಿಯ ಅಂಕಿಗಳೂ ಹುಕ್ಕೇರಿ ಸೀಮೆಯ ಮನೆಗಳಿಗೆ ನೇರವಾಗಿ ಸಲ್ಲುವುದಿಲ್ಲ, ಏಕೆಂದರೆ ಮಳೆಗಾಲದಲ್ಲಿ ಮನೆಯ ಪಡುವಣಕ್ಕೆ ಆಳೆತ್ತರ ಮೀರಿ ಬೆಳೆದು ನಿಲ್ಲುವ ಕಬ್ಬು ಪಡುಗಾಳಿಯನ್ನು ತಡೆದರೆ, ಕಟಾವು ಮುಗಿದ ಬೇಸಿಗೆಯಲ್ಲಿ ಅದೇ ಕಿಟಕಿಯ ಮುಂದೆ ಇರುವುದು ಬಯಲು; ಹೀಗಾಗಿ ಒಂದೇ ಮನೆಗೆ ಕನಿಷ್ಠ ಎರಡು ಸಲ ಲೆಕ್ಕ ಹಾಕಬೇಕಾಗುತ್ತದೆ.